ಆರು ವರ್ಷ ಐಟಿಸಿ ಬಳಸಿದ ಮೇಲೆ

ನಮ್ಮ ಲ್ಯಾಬಿಗೆ ಐಸೋಥರ್ಮಲ್ ಟೈಟ್ರೇಶನ್ ಕ್ಯಾಲೊರಿಮೀಟರ್ (ಐಟಿಸಿ), ಅಂದರೆ ಅಣುಗಳು ಒಂದನ್ನೊಂದು ಹಿಡಿಯುವಾಗಿನ ಬಿಸಿಯನ್ನು ಅಳೆಯುವ ಯಂತ್ರ, ಬಂದು ಆರು ವರ್ಷವಾಯಿತು. ದ್ರಾವಣ ತುಂಬುವ ಪುಟ್ಟ ಪಾತ್ರೆ, ಅಂದರೆ ಸೆಲ್, 200 ಮೈಕ್ರೋಲೀಟರ್ ಇರುವ ಮಾದರಿ. ನಾನು ಹಲಸಿನ ಬೀಜದಿಂದ ಜಾಕಲಿನ್ ಎಂಬ ಲೆಕ್ಟಿನ್ (ಸಕ್ಕರೆಯನ್ನು ಹಿಡಿಯುವ ಪ್ರೋಟೀನ್) ತೆಗೆದು, ಅದು ಯಾವ ಸಕ್ಕರೆಯನ್ನು ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ ಎಂದು ಅಳೆಯುವವಳು. ಈ ಕೆಲಸಕ್ಕೆ ಇದರಷ್ಟು ನಂಬಿಕೆಯ ಯಂತ್ರವನ್ನು ನಾನು ಕಂಡಿಲ್ಲ. ಆದರೆ ಬಫರ್, ಅಂದರೆ ಪಿಎಚ್ ಸ್ಥಿರವಾಗಿಡುವ ದ್ರಾವಣದ ವಿಷಯದಲ್ಲಿ ಇದು ಕೇಳುವುದು ಮಡಿ, ಕಟ್ಟಾ ಮಡಿ.

ಒಳಗೆ ಎರಡು ಸೆಲ್. ಒಂದರಲ್ಲಿ ನೀರು, ಇನ್ನೊಂದರಲ್ಲಿ ಪ್ರೋಟೀನ್. ಎರಡರ ಉಷ್ಣತೆಯೂ ಸದಾ ಒಂದೇ ಇರುವಂತೆ ಯಂತ್ರ ಕಾಯುತ್ತದೆ. ಸಿರಿಂಜಿನಿಂದ 2 ಮೈಕ್ರೋಲೀಟರ್ ಸಕ್ಕರೆ ದ್ರಾವಣ ಬಿದ್ದು, ಬಂಧ ಏರ್ಪಟ್ಟು ಬಿಸಿ ಹೊಮ್ಮಿತೆನ್ನಿ, ಹೀಟರಿಗೆ ಹೋಗುವ ವಿದ್ಯುತ್ತು ಅಷ್ಟೇ ತಗ್ಗುತ್ತದೆ. ಪರದೆಯಲ್ಲಿ ಒಂದು ಪೀಕ್ ಕೆಳಗಿಳಿಯುತ್ತದೆ. ಹೀಗೆ 19 ಸಲ. ಪ್ರೋಟೀನಿನ ಜಾಗಗಳು ತುಂಬಿದ ಹಾಗೆಲ್ಲ ಪೀಕ್‌ಗಳು ಗಿಡ್ಡವಾಗುತ್ತವೆ. ಗಂಟೆಯೊಳಗೆ ಬಂಧದ ಬಲ, ಎಂಥಾಲ್ಪಿ (ಬಂಧದ ಬಿಸಿ), ಜಾಗಗಳ ಸಂಖ್ಯೆ ಮೂರೂ ಕೈಗೆ ಸಿಗುತ್ತವೆ, ಎಂಟ್ರೊಪಿಯನ್ನು (ಅಸ್ತವ್ಯಸ್ತತೆಯ ಬದಲಾವಣೆ) ಲೆಕ್ಕ ಹಾಕಿಕೊಳ್ಳಬಹುದು. ಹೊಳೆಯುವ ಬಣ್ಣ ಅಂಟಿಸುವ, ಪ್ರೋಟೀನನ್ನು ಸೆನ್ಸರ್ ಚಿಪ್‌ಗೆ ಕಟ್ಟಿಹಾಕುವ ಗೋಜೇ ಇಲ್ಲ.

ಮೊದಲ ವರ್ಷ ಮಾತ್ರ ಅತ್ತುಬಿಡುವ ಹಾಗಾಗಿತ್ತು. ಹತ್ತೊಂಬತ್ತು ಪೀಕ್‌ಗಳೂ ದೊಡ್ಡವು, ಕೊನೆಯವರೆಗೂ ಒಂದೇ ಉದ್ದ. ಯಂತ್ರವೇ ಕೆಟ್ಟಿದೆ ಎಂದು ದೂರು ಕೊಟ್ಟೆವು. ಕೊನೆಗೆ ನೋಡಿದರೆ, ಪ್ರೋಟೀನನ್ನು ಪೊರೆಚೀಲದಲ್ಲಿಟ್ಟು ಡಯಾಲಿಸಿಸ್ ಮಾಡಿದ ಬಫರನ್ನು ಚೆಲ್ಲಿ, ಸಕ್ಕರೆಯನ್ನು ಬೇರೆ ಬಾಟಲಿಯ ಬಫರಿನಲ್ಲಿ ಕರಗಿಸಿದ್ದೆವು. ಉಪ್ಪಿನ ಸಣ್ಣ ವ್ಯತ್ಯಾಸ, ಪಿಎಚ್‌ನ ಸಣ್ಣ ವ್ಯತ್ಯಾಸ, ಅದರ ಬಿಸಿಯೇ ಬಂಧದ ಬಿಸಿಯನ್ನು ನುಂಗಿತ್ತು. ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗುವ ಔಷಧಿ ಅಣುಗಳಿಗಂತೂ ಎರಡೂ ಕಡೆ ಅದರ ಪ್ರಮಾಣ ಕರಾರುವಾಕ್ಕಾಗಿ ಒಂದೇ ಇರಬೇಕು. ಟ್ರಿಸ್ ಬಫರ್ ಬಳಸುವವರು ಇನ್ನೊಂದು ನೆನಪಿಡಿ: ಬಂಧದ ಜೊತೆ ಪ್ರೋಟಾನ್ ಅದಲುಬದಲಾದರೆ ಟ್ರಿಸ್‌ನ ಸ್ವಂತ ಬಿಸಿಯೂ, ಮೋಲಿಗೆ ಸುಮಾರು 47 ಕಿಲೋಜೂಲ್, ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಫಾಸ್ಫೇಟ್‌ನಲ್ಲಿ ಅದು 4ರ ಆಸುಪಾಸು. ಅನುಮಾನವಿದ್ದರೆ ಎರಡರಲ್ಲೂ ಒಮ್ಮೆ ಓಡಿಸಿ ನೋಡಿ.

ಸೆಲ್ ತುಂಬುವುದು ಕೈಗೆ ಕೂರಬೇಕಾದ ಕೆಲಸ. ಉದ್ದ ಸೂಜಿ ತಳಕ್ಕೆ ತಾಗಿದ ಮೇಲೆ ಕೂದಲೆಳೆಯಷ್ಟು ಎತ್ತಿ, ಉಸಿರು ಬಿಗಿಹಿಡಿದು ನಿಧಾನಕ್ಕೆ ಒತ್ತಬೇಕು. ಒಂದು ಗುಳ್ಳೆ ಉಳಿದರೂ ಬೇಸ್‌ಲೈನ್ ಅಲೆಯಾಡುತ್ತದೆ. ಸಿರಿಂಜಿನ ಸೂಜಿ ಸ್ವಲ್ಪ ಬಾಗಿದರೂ ಅದೇ ಕಥೆ. ಹಾಗೆ ನಾನೇ ಬಾಗಿಸಿದ ಒಂದು ಸಿರಿಂಜಿಗೆ ಬದಲಿ ಬರಲು ಎಂಟು ವಾರ ಕಾದೆವು. ಸರ್ವೀಸ್ ಬಗ್ಗೆ ನನಗಿರುವ ದೊಡ್ಡ ಬೇಸರ ಅದೇ. ಒಂದು ಹೆಚ್ಚುವರಿ ಸಿರಿಂಜನ್ನು ಯಂತ್ರದ ಜೊತೆಗೇ ತರಿಸಿಕೊಳ್ಳಿ, ಯುಪಿಎಸ್ ಕೂಡ.

ಪ್ರೋಟೀನ್ ಬಹಳ ಬೇಕು. ಕೆಡಿ (ಬಂಧದ ಬಲದ ಅಳತೆ, ಕಡಿಮೆಯಾದಷ್ಟೂ ಬಂಧ ಗಟ್ಟಿ) 50 ಮೈಕ್ರೋಮೋಲಾರ್ ಇದ್ದರೆ ಸಿ ಮೌಲ್ಯ (ಜಾಗಗಳ ಸಾಂದ್ರತೆಯನ್ನು ಕೆಡಿಯಿಂದ ಭಾಗಿಸಿದ್ದು) 10 ಬರಲು ಸೆಲ್‌ನಲ್ಲಿ 500 ಮೈಕ್ರೋಮೋಲಾರ್ ಜಾಗಗಳಿರಬೇಕು. ಹಲಸಿನ ಬೀಜ ನಮಗೆ ಧಾರಾಳ. ಕೋಶ ಬೆಳೆಸಿ ಮಿಲಿಗ್ರಾಂ ಲೆಕ್ಕದಲ್ಲಿ ಪ್ರೋಟೀನ್ ತೆಗೆಯುವವರು ಮೊದಲೇ ಯೋಚಿಸಲಿ. ಬಂಧ ತೀರಾ ಬಲವಾಗಿದ್ದರೆ ಪೀಕ್‌ಗಳ ಬಿಸಿಯಿಂದ ಎಳೆದ ಗೆರೆ ಮೆಟ್ಟಿಲಿನ ಹಾಗೆ ಕಡಿದಾಗಿ, ಕೆಡಿ ಓದಲು ಬರುವುದಿಲ್ಲ. ಆಗ ದುರ್ಬಲ ಅಣುವೊಂದನ್ನು ಮೊದಲು ಕೂರಿಸಿ ಅದನ್ನು ಎಬ್ಬಿಸುವ ಸ್ಪರ್ಧೆಯ ಟೈಟ್ರೇಶನ್ ಮಾಡಬೇಕು.

ತಿಂಗಳಿಗೊಮ್ಮೆ ಕ್ಯಾಲ್ಸಿಯಂ–ಇಡಿಟಿಎ (ಬಂಧ ಚೆನ್ನಾಗಿ ಗೊತ್ತಿರುವ ಜೋಡಿ) ಓಡಿಸಿ ಯಂತ್ರದ ಆರೋಗ್ಯ ನೋಡುತ್ತೇವೆ. ಹೋದ ವಾರ ಜಾಗಗಳ ಸಂಖ್ಯೆ 0.99 ಬಂತು, ಇರಬೇಕಾದದ್ದು 1. ಹೊಸ ವಿದ್ಯಾರ್ಥಿನಿ ತಾನೇ ಸೆಲ್ ತುಂಬಿದ್ದಳು, ಗುಳ್ಳೆ ಇರಲಿಲ್ಲ.