8×42 ಬೈನಾಕ್ಯುಲರ್: ಗರುಡನ ಬೆನ್ನು ನೋಡಿದ ಮೇಲೆ ಬರೆಯುತ್ತಿದ್ದೇನೆ

ಇದು ನನ್ನ ಎರಡನೇ ಬೈನಾಕ್ಯುಲರ್. ಮೊದಲನೆಯದು 10×50. ಮಂಗಳೂರಿನ ಅಂಗಡಿಯವರು "ಇದರಲ್ಲಿ ಜಾಸ್ತಿ ಹತ್ತಿರ ಕಾಣ್ತದೆ ಮಾರಾಯ್ರೇ" ಅಂದರು, ನಾನೂ ತಲೆಯಾಡಿಸಿ ತಂದೆ. ಹತ್ತಿರವೇನೋ ಹೌದು, ಆದರೆ ಕೈ ನಡುಗುವುದೂ ಹತ್ತು ಪಟ್ಟು ಆಗುತ್ತದಲ್ವಾ? ಗಾಳಿಗೆ ನಿಂತರೆ ಹಕ್ಕಿ ಒಂದು ಕಡೆ, ನಾನು ಒಂದು ಕಡೆ. ಮರದ ಕಪಾಟಿನಲ್ಲಿ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಒಳಗಿನ ಗಾಜಿಗೆ ಜೇಡರ ಬಲೆಯ ಹಾಗೆ ಬೂಷ್ಟು ಬೇರೆ ಹಿಡಿಯಿತು.

ಈ ಸಲ 8×42, ಹನ್ನೆರಡು ಸಾವಿರ ಚಿಲ್ಲರೆ. 8 ಅಂದರೆ ಎಂಟು ಪಟ್ಟು ಹತ್ತಿರ, 42 ಅಂದರೆ ಮುಂದಿನ ಗಾಜು 42 ಮಿ.ಮೀ. ಅಗಲ. 42ನ್ನು 8ರಿಂದ ಭಾಗಿಸಿದರೆ 5.25, ಕಣ್ಣಿಗೆ ಬೀಳುವ ಬೆಳಕಿನ ಉರುಟು ಅಷ್ಟು ಮಿಲಿಮೀಟರ್. ಉರುಟು ದೊಡ್ಡದಿದ್ದಷ್ಟು ಕಣ್ಣಿಗೆ ಬೆಳಕು ಜಾಸ್ತಿ. ಹಳೆಯದರಲ್ಲಿ ಲೆಕ್ಕ ಹಾಕಿದರೆ 5. ಅಷ್ಟು ಭಾರ ಕುತ್ತಿಗೆಗೆ ಕಟ್ಟಿಕೊಂಡು ತಿರುಗಿದ್ದು ಸುಮ್ನೆ!

ಶಿವರಾತ್ರಿ ಹತ್ತಿರ ಬಂದಾಗ ಬೈಂದೂರಿನ ಒತ್ತಿನೆಣೆಗೆ ಹೋದೆವು, ಉಡುಪಿಯಿಂದ 70 ಕಿ.ಮೀ. ಆಸುಪಾಸು. ಹೆದ್ದಾರಿ ಪಕ್ಕದ ಮುರಕಲ್ಲಿನ ಗುಡ್ಡ, ಕೆಳಗೆ ನೇರ ಸಮುದ್ರ. ನಮ್ಮ ವಸಂತದಲ್ಲಿ ಹಸಿರು ಹುಡುಕಬೇಡಿ, ಹುಲ್ಲೆಲ್ಲ ಒಣಗಿ ಕಂದಾಗಿರುತ್ತದೆ, ಆದರೆ ಕರಂಡೆ ಪೊದೆ ತುಂಬಾ ಬಿಳಿ ಹೂವು, ಅಲ್ಲಲ್ಲಿ ಕೆಂಪು ಕೇಪುಳ, ಗೇರುಹೂವಿನ ವಾಸನೆಯಂತೂ ಗಾಡಿ ನಿಲ್ಲಿಸುವ ಮೊದಲೇ ಮೂಗಿಗೆ. ಜುಟ್ಟಿನ ನೆಲಗುಬ್ಬಿಯೊಂದು ಕಲ್ಲಿನಿಂದ ಹಾರಿ, ಹಾಡುತ್ತಲೇ ಮೇಲೇರಿತು. ಬರಿಗಣ್ಣಿಗೆ ಚುಕ್ಕಿ. ಇದರಲ್ಲಿ ನೋಟದ ಅಗಲ ಜಾಸ್ತಿ ಇರುವುದರಿಂದ ಅದು ಕೆಳಗಿಳಿಯುವವರೆಗೂ ಬಿಡದೆ ಹಿಂಬಾಲಿಸಿದೆ.

ಆಮೇಲೆ ಗರುಡ. ಊರಲ್ಲಿ ಗರುಡ ಕಂಡರೆ ಕತ್ತೆತ್ತಿ ಕೈ ಮುಗಿಯುವುದು ರೂಢಿ, ನಮಗೆ ಗೊತ್ತಿರುವುದು ಅದರ ಹೊಟ್ಟೆ ಮಾತ್ರ. ಇಲ್ಲಿ ಅದು ನಮ್ಮ ಕಾಲ ಕೆಳಗೆ, ಗುಡ್ಡದ ಅಂಚಿಗೆ ತಾಗಿಕೊಂಡು ತೇಲುತ್ತಿತ್ತು. ಬಿಸಿಲು ಬಿದ್ದ ಇಟ್ಟಿಗೆ ಬಣ್ಣದ ಬೆನ್ನು, ಬಿಳಿ ತಲೆ, ಗರಿ ಗರಿಯೂ ಬೇರೆ ಬೇರೆ. ಅಮ್ಮನ ಕೈಗೆ ಕೊಟ್ಟೆ. "ಬೆನ್ನಿಗೆ ಕೈ ಮುಗಿಯಬಹುದಾ ಮಗಾ?" ಅಂತ ಕೇಳಿದರು!

ಮಲ್ಪೆ ಬಂದರಿನಲ್ಲೂ ನೋಡಿ. ಚಳಿಗಾಲದಲ್ಲಿ ಕಂದುತಲೆ ಕಡಲಕ್ಕಿಗೆ ಹೆಸರಿಗೆ ತಕ್ಕ ತಲೆ ಇರುವುದಿಲ್ಲ, ಕಣ್ಣ ಹಿಂದೆ ಒಂದು ಮಸಿ ಬೊಟ್ಟು ಅಷ್ಟೇ. ಫೆಬ್ರವರಿ, ಮಾರ್ಚ್‌ನಲ್ಲಿ ಅರ್ಧಂಬರ್ಧ ಕಂದು ಟೋಪಿ ಬರುತ್ತದೆ, ಲಡಾಖ್, ಟಿಬೆಟ್ ಕಡೆಯ ಸರೋವರಗಳಿಗೆ ಮರಿ ಮಾಡಲು ಹೊರಡುವ ತಯಾರಿ. ಎಂಟು ಪಟ್ಟಿನಲ್ಲಿ ಅದು ಚೆನ್ನಾಗಿ ಕಾಣುತ್ತದೆ.

ಎರಡು ಮೀಟರ್ ಹತ್ತಿರದ್ದೂ ಫೋಕಸ್ ಆಗುತ್ತದೆ, ಹಾಗಾಗಿ ದಂಡೆಯ ಅಡುಂಬು ಬಳ್ಳಿಯ ನೇರಳೆ ಹೂವಿನೊಳಗೆ ಜೇನುನೊಣ ಹೊರಳಾಡುವುದನ್ನು ನಿಂತಲ್ಲಿಂದಲೇ ನೋಡಬಹುದು. ಮರಳಿನಲ್ಲಿ ಕೂರಬೇಕಾಗಿಲ್ಲ.

ದೂರು ಇಲ್ಲವೆಂದಲ್ಲ. ಬೆಲ್ಟು ಕುತ್ತಿಗೆ ಕೊರೆಯುತ್ತದೆ. ಉಪ್ಪುಗಾಳಿಯಲ್ಲಿ ತಿರುಗಿ ಬಂದರೆ ಗಾಜು ಮಬ್ಬು, ಒಣಬಟ್ಟೆಯಲ್ಲಿ ತಿಕ್ಕಿದರೆ ಗೀರು ಬೀಳುತ್ತದೆ, ಮೊದಲು ಗಾಳಿ ಊದಿ, ಒದ್ದೆಬಟ್ಟೆಯಲ್ಲಿ ಮೆಲ್ಲಗೆ ಒರೆಸಿ. ಜೂನ್‌ಗೆ ಮೊದಲು ಬಿಗಿ ಮುಚ್ಚಳದ ಡಬ್ಬಿಗೆ ತೇವ ಹೀರುವ ಸಿಲಿಕಾ ಜೆಲ್ ಜೊತೆ ಹಾಕಿಡಿ. ಮುಂದಿನ ಗಾಜಿನ ಮುಚ್ಚಳ ತೀರಾ ಸಡಿಲ, ಒಂದು ಒತ್ತಿನೆಣೆಯಿಂದ ನೇರ ಸಮುದ್ರಕ್ಕೇ ಹೋಯಿತು. ಬೇರೆ ಸಿಗುತ್ತದಾ ಅಂತ ಕಂಪನಿಗೆ ಎರಡು ಸಲ ಬರೆದೆ, ಉತ್ತರ ಇಲ್ಲ. ಸದ್ಯಕ್ಕೆ ಅಮ್ಮನ ಹಳೇ ಕಾಟನ್ ಸೀರೆಯ ತುಂಡು, ರಬ್ಬರ್ ಬ್ಯಾಂಡು.