ಲೀಲಾ ಆ ರಾತ್ರಿ ಮನೆಗೆ ಹೇಗೆ ಹೋದಳು? ‘ಕಾಂತಾರ’ವನ್ನು ಮತ್ತೆ ನೋಡಿದಾಗ

‘ಕಾಂತಾರ’ವನ್ನು ನಾನು ಮೊದಲು ನೋಡಿದ್ದು 2022ರ ಅಕ್ಟೋಬರಿನಲ್ಲಿ, ಮಣಿಪಾಲದಲ್ಲಿ. ಆ ಡಿಸೆಂಬರಿನಲ್ಲಿ ತುಳು ಅವತರಣಿಕೆ ತೆರೆಗೆ ಬಂದಾಗ ಅತ್ತೆಯನ್ನು ಕರೆದುಕೊಂಡು ಮತ್ತೊಮ್ಮೆ ಹೋದೆ. ಕೊನೆಯ ದೃಶ್ಯಗಳುದ್ದಕ್ಕೂ ಕೈಮುಗಿದು ಕುಳಿತಿದ್ದ ಅವರು ಹೊರಗೆ ಬಂದ ಮೇಲೆ ದೈವದ ವಿಚಾರ ಎತ್ತಲಿಲ್ಲ. “ಬೇಲಿ ಹಾಕಿದ ದಿನ ರಾತ್ರಿ ಆ ಹುಡುಗಿ ತನ್ನ ಮನೆಗೆ ಹೇಗೆ ಹೋದಳು ಮಾರಾಯ್ತಿ?” ಎಂದು ಕೇಳಿದರು. ಕಳೆದ ವಾರ ಮನೆಯಲ್ಲಿ ಚಿತ್ರವನ್ನು ಮೂರನೆಯ ಸಲ ನೋಡುವಾಗ ನಾನು ಆ ಪ್ರಶ್ನೆಯನ್ನೇ ಹಿಡಿದು ನೋಡಿದೆ. ಕಥೆಯ ತಿರುವುಗಳನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ; ಇನ್ನೂ ನೋಡದವರು ನೋಡಿ ಬಂದು ಓದಬೇಕಾಗಿ ವಿನಂತಿ.

ರಿಷಬ್ ಶೆಟ್ಟಿಯವರು ಕಥೆಯನ್ನು ಮೂರು ಕಾಲಗಳಲ್ಲಿ ಕಟ್ಟಿದ್ದಾರೆ. 1847ರಲ್ಲಿ ನೆಮ್ಮದಿಯನ್ನು ಅರಸಿ ಹೊರಟ ರಾಜನೊಬ್ಬ ಪಂಜುರ್ಲಿ ದೈವದ ಕಲ್ಲಿಗೆ ಬದಲಾಗಿ ಕಾಡಂಚಿನ ಜನರಿಗೆ ಭೂಮಿ ಕೊಡುತ್ತಾನೆ. 1970ರಲ್ಲಿ ಅವನ ವಂಶದವನು ಅದನ್ನು ಮರಳಿ ಕೇಳುತ್ತಾನೆ. 1990ರಲ್ಲಿ ಮುಖ್ಯ ಕಥೆ ನಡೆಯುತ್ತದೆ. ಇವುಗಳಲ್ಲಿ ಅತ್ಯುತ್ತಮವಾದುದು 1970ರ ಕೋಲದ, ಅಂದರೆ ವೇಷ ಕಟ್ಟಿದವನ ಮೈಮೇಲೆ ದೈವ ಬಂದು ನುಡಿ ಕೊಡುವ ಆರಾಧನೆಯ, ದೃಶ್ಯ. ನುಡಿ ಕೊಡುತ್ತಿರುವುದು ದೈವವೋ ಕಟ್ಟಿದ ಮನುಷ್ಯನೋ ಎಂದು ಧಣಿ ಕೇಳಿದಾಗ, ದೈವ ಕಟ್ಟಿದವನು ಕಾಡಿನೊಳಕ್ಕೆ ಓಡಿ ಕಾಣೆಯಾಗುತ್ತಾನೆ. ಅವನು ಎಲ್ಲಿಗೆ ಹೋದ, ಏನಾದ ಎಂಬುದನ್ನು ಚಿತ್ರ ಎಂದಿಗೂ ಬಿಡಿಸಿ ಹೇಳುವುದಿಲ್ಲ. ಕೋಲದ ಕಳದಲ್ಲಿ ಊರಿನ ದೊಡ್ಡ ಮನೆಯವರೂ ಕೈಮುಗಿದು ನಿಂತು ನುಡಿ ಕೇಳುವುದನ್ನು ಬಾಲ್ಯದಿಂದ ಕಂಡ ನಮಗೆ, ಆ ಪ್ರಶ್ನೆ ಬಾಯಿಂದ ಹೊರಬಿದ್ದ ಕ್ಷಣದಲ್ಲೇ ಮೈ ನಡುಗುತ್ತದೆ. ಹೊರಗಿನ ಪ್ರೇಕ್ಷಕರಿಗಾಗಿ ಅಲ್ಲಿ ವಿವರಣೆ ತುರುಕದೆ ಇದ್ದುದು ದೊಡ್ಡ ಸಂಯಮ. ಆ ಮೌನವನ್ನು ಹಾಗೆಯೇ ಉಳಿಸಿಕೊಂಡುದರಿಂದಲೇ, ಕೊನೆಯಲ್ಲಿ ಅವನ ಮಗ, ಕಥಾನಾಯಕ ಶಿವನೂ ತಂದೆಯ ದಾರಿ ಹಿಡಿದಾಗ ನಾವು ಕಾರಣ ಕೇಳುವುದಿಲ್ಲ.

ಆದರೆ 1970ರಿಂದ 1990ಕ್ಕೆ ನೆಗೆಯುವಾಗ ಚಿತ್ರ ಒಂದು ದೊಡ್ಡ ಸಂಗತಿಯನ್ನು ದಾಟಿಹೋಗುತ್ತದೆ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಅಂದಿನ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಧಣಿ ಮತ್ತು ಒಕ್ಕಲಿನ ಸಂಬಂಧವನ್ನೇ ಬುಡಮೇಲು ಮಾಡಿತು. ಉಳುವ ಭೂಮಿ ತಮಗೆ ಸೇರಬೇಕೆಂದು ಡಿಕ್ಲರೇಷನ್ ಕೊಟ್ಟು ಭೂಮಿ ಪಡೆದ ಒಕ್ಕಲುಗಳ ಕಥೆ, ಧಣಿಯ ಮುಖ ನೋಡಿ ಕೊಡದೆ ಹಿಂದೆ ಉಳಿದವರ ಕಥೆ ಇಲ್ಲಿ ಊರೂರಿನಲ್ಲಿದೆ. ಚಿತ್ರದ ಕೇಂದ್ರದಲ್ಲಿ ಭೂಮಿಯೇ ಇರುವಾಗ ಆ 20 ವರ್ಷಗಳ ಬಗ್ಗೆ ನಾಲ್ಕು ಮಾತಾದರೂ ಇದ್ದಿದ್ದರೆ, 1990ರ ಧಣಿ ದೇವೇಂದ್ರ ಸುತ್ತೂರು ತೋರುವ ನಯ ಮತ್ತು ಔದಾರ್ಯದ ಹಿಂದಿನ ಲೆಕ್ಕಾಚಾರ ಇನ್ನಷ್ಟು ಭಯಂಕರವಾಗಿ ತೋರುತ್ತಿತ್ತು. ಆ ಪಾತ್ರದಲ್ಲಿ ಅಚ್ಯುತ್ ಕುಮಾರ್ ಅವರ ಅಭಿನಯ ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ ಎಂಬುದನ್ನೂ ಹೇಳಬೇಕು. ಅರಣ್ಯಾಧಿಕಾರಿ ಮುರಳಿಯನ್ನು ಖಳನೆಂದು ನಂಬಿಸಿ, ನಿಧಾನವಾಗಿ ಆ ನಂಬಿಕೆಯನ್ನು ಕಳಚುವ ಕ್ರಮವೂ ಅಚ್ಚುಕಟ್ಟಾಗಿದೆ.

ನನ್ನ ನಿಜವಾದ ಅಸಮಾಧಾನ ಇರುವುದು ಲೀಲಾಳ ವಿಷಯದಲ್ಲಿ. ಊರಿನ ಹುಡುಗಿ ಅರಣ್ಯ ಇಲಾಖೆಯಲ್ಲಿ ಗಾರ್ಡ್ ಆಗುತ್ತಾಳೆ. ತನ್ನವರ ಬದುಕಿಗೆ ಅಡ್ಡವಾಗಿ ಬೇಲಿ ಏಳುವ ದಿನ ಸಮವಸ್ತ್ರ ತೊಟ್ಟು ಬೇಲಿಯ ಆಚೆ ಬದಿಯಲ್ಲಿ ನಿಲ್ಲುತ್ತಾಳೆ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ, 1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನ, ಇವುಗಳ ನೆನಪು ಹಸಿಯಾಗಿರುವ ಘಟ್ಟದ ಬುಡದ ಜನರಿಗೆ ಇದಕ್ಕಿಂತ ತೀಕ್ಷ್ಣವಾದ ಸಂಕಟ ಬೇರೊಂದಿಲ್ಲ. ಊರು ಮತ್ತು ಕಾನೂನು ಒಬ್ಬಳೇ ವ್ಯಕ್ತಿಯ ಎದೆಯಲ್ಲಿ ಎದುರುಬದುರಾಗುವುದು ಇಡೀ ಚಿತ್ರದಲ್ಲಿ ಇಲ್ಲಿ ಮಾತ್ರ. ಅಂಥ ಪಾತ್ರವನ್ನು ಕೈಯಲ್ಲಿಟ್ಟುಕೊಂಡು ಚಿತ್ರ ಅವಳನ್ನು ಬಹುತೇಕ ಶಿವನ ಪ್ರೇಮ ಮತ್ತು ಮುನಿಸುಗಳ ಅಳತೆಗೆ ಇಳಿಸಿಬಿಡುತ್ತದೆ. ಶಿವ ಅವಳ ಸೊಂಟ ಚಿವುಟುವುದು ತಮಾಷೆಯಾಗಿ ಬಂದುಹೋಗುವುದನ್ನು ಹಲವು ಪ್ರೇಕ್ಷಕರು ಆಕ್ಷೇಪಿಸಿದ್ದಾರೆ; ನಾನೂ ಆಕ್ಷೇಪಿಸುತ್ತೇನೆ. ‘ಆ ಕಾಲದ ಹಳ್ಳಿ ಹಾಗೆಯೇ ಇತ್ತು’ ಎಂಬ ಸಮರ್ಥನೆಯನ್ನು ನನ್ನ ಸಹೋದ್ಯೋಗಿಗಳಿಂದ ಕೇಳಿದ್ದೇನೆ. ಇತ್ತು, ನಿಜ. ಆದರೆ ಚಿವುಟಿಸಿಕೊಂಡವಳಿಗೆ ಏನನ್ನಿಸಿತು ಎಂಬುದೂ ಆ ಹಳ್ಳಿಯಲ್ಲೇ ಇತ್ತು, ಮತ್ತು ಅದನ್ನು ತೋರಿಸಲು ಲೀಲಾಳಾಗಿ ನಟಿಸಿದ ಸಪ್ತಮಿ ಗೌಡ ಅವರಿಗೆ ಶಕ್ತಿಯಿತ್ತು. ಬೇಲಿಯ ದೃಶ್ಯದಲ್ಲಿ ಅವರ ಕಣ್ಣುಗಳನ್ನು ಗಮನಿಸಿದವರಿಗೆ ಅದು ತಿಳಿಯುತ್ತದೆ.

ಅರವಿಂದ್ ಕಶ್ಯಪ್ ಅವರ ಛಾಯಾಗ್ರಹಣ, ಅಜನೀಶ್ ಲೋಕನಾಥ್ ಅವರ ಸಂಗೀತ ಎರಡೂ ಉತ್ತಮ. ಭಾಷೆಯ ಆಯ್ಕೆಯಿರುವವರು ಕನ್ನಡದಲ್ಲೇ ನೋಡಲಿ; ಕುಂದಾಪುರದ ಕಡೆಯ ಮಾತಿನ ಧಾಟಿ ಬೇರೆ ಭಾಷೆಗೆ ದಾಟುವಂಥದ್ದಲ್ಲ.

ಚಿತ್ರ ಮುಗಿಯುವಾಗ ಶಿವ ಮತ್ತು ಲೀಲಾಳ ಮಗ ಕಾಣೆಯಾದ ತಂದೆಯ ಬಗ್ಗೆ ಕೇಳುತ್ತಾನೆ. ಗಂಡನನ್ನು ಕಾಡಿಗೆ ಬಿಟ್ಟುಕೊಟ್ಟ, ಒಂದು ಕಾಲದಲ್ಲಿ ಅದೇ ಕಾಡನ್ನು ಸಮವಸ್ತ್ರದಲ್ಲಿ ಕಾದ ತಾಯಿ ಆ ಪ್ರಶ್ನೆಗೆ ಏನು ಉತ್ತರ ಕೊಡುತ್ತಾಳೆ ಎಂದು ತಿಳಿಯುವ ಆಸೆಯಿಂದ ನಾನು ಮುಂದಿನ ಚಿತ್ರಕ್ಕೆ ಕಾದಿದ್ದೆ. 2025ರ ಅಕ್ಟೋಬರ್ 2ರಂದು ಬಂದ ಚಿತ್ರ ಮುಂದಕ್ಕೆ ಹೋಗದೆ ಶತಮಾನಗಳಷ್ಟು ಹಿಂದಕ್ಕೆ ಹೋಯಿತು. ಲೀಲಾಳ ಉತ್ತರಕ್ಕಾಗಿ ನಾನೂ ಅತ್ತೆಯೂ ಇನ್ನೂ ಕಾಯುತ್ತಿದ್ದೇವೆ.