ಆಪೂಸಿಗೆ ಯಾವ ಕ್ಯಾಲ್ಸಿಯಂ? ಮೂರನ್ನೂ ಹೊಡೆಸಿ ನೋಡಿದ ಮೇಲೆ

ಆಪೂಸು ಮಾವು ಬೆಳೆದು, ಅಡಿ ಹಾಕಿ (ಹುಲ್ಲಿನಲ್ಲಿಟ್ಟು), ಹಣ್ಣು ಮಾಡಿ ಮಾರುವವರಾದರೆ, ಹಣ್ಣು ಗಟ್ಟಿಯಾಗಿ ನಿಲ್ಲಲಿ ಅಂತ ಕಾಯಿಗೆ ಹೊಡೆಯಲು ಕ್ಯಾಲ್ಸಿಯಂ ಕ್ಲೋರೈಡ್ ತಗೊಳ್ಳಿ. ನೈಟ್ರೇಟ್ ಎರಡನೇ ಆಯ್ಕೆ. ಚಿಲೇಟೆಡ್ (ಬೇರೆ ಅಣುವೊಂದು ಹಿಡಿದಿಟ್ಟ ಕ್ಯಾಲ್ಸಿಯಂ) ಅಂತ ಮಾರುವ ದ್ರವದ ಬಾಟಲಿ ನನ್ನ ಲೆಕ್ಕದಲ್ಲಿ ಕೊನೆಗೆ. ನಮ್ಮದು ಧಾರವಾಡದ ಕೆಲಗೇರಿ ಕಡೆಯ ಹಳೇ ತೋಟ, ಕೆಂಪು ಮಣ್ಣು. ಒಂದೇ ಸಾಲಿನ ಗಿಡಗಳಿಗೆ ಬೇರೆ ಬೇರೆ ಬಣ್ಣದ ಬಟ್ಟೆ ಕಟ್ಟಿ ಮೂರನ್ನೂ ಹೊಡೆಸಿದೆ, ಕೆಲವು ಗಿಡ ಹಾಗೇ ಬಿಟ್ಟೆ. ಕಾಯಿ ಇಳಿಸಿದ ಮೇಲೆ ಭತ್ತದ ಹುಲ್ಲಿನಲ್ಲಿ ಒಂದೊಂದನ್ನೂ ಪ್ರತ್ಯೇಕ ಅಡಿ ಹಾಕಿದೆ.

ನವಲಗುಂದದ ಬೀಗರು ಕೇಳಿದರು, "ನಮ್ಮ ಎರಿ ಹೊಲದಾಗ ಸುಣ್ಣ ರಗಡ ಐತಿ, ಮ್ಯಾಲಿಂದ ಮತ್ತ ಯಾಕ ಹೊಡೀಬೇಕ್ರಿ?" ಎರಿ ಅಂದರೆ ಕಪ್ಪು ಮಣ್ಣು, ಸುಣ್ಣ ಅಂದರೆ ಕ್ಯಾಲ್ಸಿಯಂ. ಮಣ್ಣಿನಲ್ಲಿ ಎಷ್ಟಿದ್ದರೂ ಅದು ಬೇರಿನಿಂದ ನೀರಿನ ಜೊತೆಗೇ ಮೇಲೆ ಏರುತ್ತದೆ. ನೀರು ಹೆಚ್ಚು ಆರುವುದು ಎಲೆಯಿಂದ, ಹಾಗಾಗಿ ಅದೂ ಎಲೆಗೇ ಹೋಗುತ್ತದೆ. ಎಲೆ ಸೇರಿದ್ದು ತಿರುಗಿ ಕಾಯಿಗೆ ಬರುವುದಿಲ್ಲ ಎನ್ನಬಹುದು. ಆದ್ದರಿಂದ ಹೊಡೆಯುವಾಗ ಕಾಯಿಯೇ ನೆನೆಯಬೇಕು. ಎಲೆ ಮಾತ್ರ ತೊಯ್ದರೆ ದುಡ್ಡು ದಂಡ.

ಬಾಟಲಿ ನನಗೆ ಸೇರದ ಕಾರಣ ಅದರ ಲೇಬಲ್ಲಿನಲ್ಲೇ ಇತ್ತು. ಕ್ಯಾಲ್ಸಿಯಂ 10%, ಲೀಟರಿಗೆ 2 ಮಿಲಿ. ಅಂದರೆ ಲೀಟರ್ ನೀರಿಗೆ ಸುಮಾರು 0.2 ಗ್ರಾಂ ಕ್ಯಾಲ್ಸಿಯಂ. ಕ್ಲೋರೈಡ್ ಹರಳಿನಲ್ಲಿ ಸುಮಾರು 27% ಇರುತ್ತದೆ, ಲೀಟರಿಗೆ 5 ಗ್ರಾಂ ಹಾಕಿದರೆ 1.3 ಗ್ರಾಂ ದಾಟುತ್ತದೆ. ನೈಟ್ರೇಟ್ ಗೊಬ್ಬರದಲ್ಲಿ ಸುಮಾರು 19%, ಅಷ್ಟೇ ಹಾಕಿದರೆ 1 ಗ್ರಾಂ ಹತ್ತಿರ. ಬಾಟಲಿಯದು ಒಳಗೆ ಚೆನ್ನಾಗಿ ಇಳಿಯುತ್ತದೆ ಅಂತ ಅಂಗಡಿಯವರು ಹೇಳುತ್ತಾರೆ, ಇಳಿಯಲೂಬಹುದು. ಆದರೆ ಆ ಗಿಡದ ಹಣ್ಣಿಗೂ ಏನೂ ಹೊಡೆಯದ ಗಿಡದ ಹಣ್ಣಿಗೂ ಒತ್ತಿ ನೋಡಿದಾಗ ನನ್ನ ಹೆಬ್ಬೆರಳಿಗೆ ವ್ಯತ್ಯಾಸ ಸಿಗಲಿಲ್ಲ.

ಬಾಟಲಿಗೆ ಇರುವ ಒಂದೇ ದೊಡ್ಡ ಅನುಕೂಲ ಬೇರೆ ಔಷಧದ ಜೊತೆ ಸೇರಿಸಬಹುದು ಅನ್ನುವುದು. ಉಳಿದೆರಡನ್ನು ಹಾಗೆ ಸೇರಿಸಲು ಆಗದು, ಅವುಗಳ ದೊಡ್ಡ ಕಾಟವೇ ಅದು. ಎಣ್ಣಿ (ಔಷಧ) ಹೊಡೆಯಲು ಬರುವ ಹುಡುಗನದು ಪ್ರತಿ ಸಲ ಒಂದೇ ಮಾತು: "ಅಕ್ಕಾರ, ಎಲ್ಲಾ ಒಂದ ಟ್ಯಾಂಕಿಗೆ ಹಾಕಿಬಿಡ್ರಿ, ಒಂದ ಪಗಾರದಾಗ ಮುಗೀತೈತಿ." ಒಮ್ಮೆ ನಾನು ಅತ್ತ ಹೋದಾಗ ನೈಟ್ರೇಟ್ ಇದ್ದ ಟ್ಯಾಂಕಿಗೆ 0-0-50 ಸುರಿದುಬಿಟ್ಟ. ನೀರು ಮಜ್ಜಿಗೆಯ ಹಾಗೆ ಬೆಳ್ಳಗಾಯಿತು. ತಳದಲ್ಲಿ ಬಿಳಿ ಗಸಿ ಕೂತಿತು, ನಾಜಲ್ ಕಟ್ಟಿತು. ಬಿಚ್ಚಿ ಸೂಜಿಯಿಂದ ಚುಚ್ಚಿ, ಜಾಲರಿ ತಿಕ್ಕಿ ತೊಳೆಯುವಷ್ಟರಲ್ಲಿ ಸಂಜೆಯ ತಂಪು ಹೊತ್ತು ಕಳೆದೇ ಹೋಯಿತು. 0-0-50 ಅಂದರೆ ಪೊಟ್ಯಾಶಿಯಂ ಸಲ್ಫೇಟ್. ಅದರ ಸಲ್ಫೇಟ್ ಕ್ಯಾಲ್ಸಿಯಂ ಜೊತೆ ಕೂಡಿ ಜಿಪ್ಸಂ ಆಗಿ ತಳದಲ್ಲಿ ಕೂರುತ್ತದೆ.

0-52-34, 12-61-0 ಥರದ ರಂಜಕದ ಗೊಬ್ಬರ, ಜಿಂಕ್ ಸಲ್ಫೇಟ್, ಮೈಲುತುತ್ತ ಯಾವುದನ್ನೂ ಸೇರಿಸುವಂತಿಲ್ಲ. ಕ್ಲೋರೈಡಿಗೂ ಇದೇ ನಿಯಮ. ಗಡಸು ಬೋರ್ ನೀರಿನಲ್ಲೂ ಸ್ವಲ್ಪ ಮಬ್ಬಾಗುತ್ತದೆ, ನಾನು ಮಳೆನೀರಿನ ತೊಟ್ಟಿಯಿಂದ ತಗೊಳ್ಳುತ್ತೇನೆ. ಅನುಮಾನ ಬಂದರೆ ಗಾಜಿನ ಬಾಟಲಿಯಲ್ಲಿ ಅದೇ ಪ್ರಮಾಣದಲ್ಲಿ ಕಲಸಿ ಒಂದು ತಾಸು ಬಿಡಿ, ಮಬ್ಬಾದರೆ ಬೇಡ. ಹೀಗಾಗಿ ಕ್ಯಾಲ್ಸಿಯಂಗೆ ಬೇರೆ ದಿನ, ಬೇರೆ ಪಗಾರ. ಆ ಖರ್ಚು ಸೇರಿಸಿದರೂ ನಮ್ಮ ತೋಟದ ಅಳತೆಗೆ ಕ್ಲೋರೈಡ್ ಬಾಟಲಿಗಿಂತ ಅಗ್ಗವೇ ಬಿತ್ತು.

ನೈಟ್ರೇಟಿನ ಇನ್ನೊಂದು ತಕರಾರು ಅದರಲ್ಲಿರುವ 15.5% ಸಾರಜನಕ. ಕಾಯಿ ನಿಂಬೆ ಗಾತ್ರವಿದ್ದಾಗ ಅದರಿಂದ ತೊಂದರೆಯಿಲ್ಲ. ಬಲಿಯುವ ಹೊತ್ತಿಗೆ ಹೊಡೆದ ಗಿಡದ ಹಣ್ಣು ಹುಲ್ಲಿನಲ್ಲಿ ಹೆಗಲ ಬಳಿ ಹಸಿರಾಗೇ ಉಳಿದು ಕೆಳಗೆ ಮೆತ್ತಗಾಯಿತು. ಆಪೂಸಿಗೆ ಬಣ್ಣವೇ ಬೆಲೆ.

ಕ್ಲೋರೈಡ್ ಹೊಡೆದ ಹಣ್ಣು ಬಣ್ಣ ಬಂದ ಮೇಲೂ ಗಟ್ಟಿಯಾಗಿ ನಿಂತಿತು, ತೊಟ್ಟಿನ ಸುತ್ತ ಕಪ್ಪಾಗುವುದು ಕಡಿಮೆ. ಹುಬ್ಬಳ್ಳಿಗೆ ಕಳಿಸಿದ ಪೆಟ್ಟಿಗೆಯಲ್ಲಿ ಅಡಿಯ ಸಾಲೂ ನಜ್ಜಾಗಿರಲಿಲ್ಲ. ಕೊಯ್ದು ನೋಡಿದಾಗ ಗೊರಟೆ ಬಳಿಯ ಬಿಳಿ ಸ್ಪಂಜು ಕಡಿಮೆಯಾಗಿತ್ತು, ಪೂರ್ತಿ ಹೋಗಿರಲಿಲ್ಲ. ಅದಕ್ಕೆ ಗಿಡದ ಬುಡಕ್ಕೆ ತರಗು ಮುಚ್ಚಿ ನೆಲದ ಕಾವು ತಡೆಯುವುದು, ಕಾಯಿ ತೀರಾ ಬಲಿಯುವ ಮೊದಲೇ ಇಳಿಸುವುದು ಸಹ ಬೇಕು.

ಕ್ಲೋರೈಡಿನ ಕಿರಿಕಿರಿಗಳು: ಕರಗಿಸುವಾಗ ಬಕೆಟ್ ಬಿಸಿಯಾಗುತ್ತದೆ, ತೆರೆದಿಟ್ಟ ಚೀಲ ಮಳೆಗಾಲದಲ್ಲಿ ನೀರೊಡೆಯುತ್ತದೆ, ಪಂಪು ತೊಳೆಯದಿದ್ದರೆ ಕ್ಲಿಪ್ಪಿಗೆ ತುಕ್ಕು. ಬಿಸಿಲಲ್ಲಿ ಹೊಡೆದರೆ ಎಲೆಯ ತುದಿ ಸುಡುತ್ತದೆ. ಸಂಜೆ 5ರ ಮೇಲೆಯೇ ಶುರು ಮಾಡಿಸಿ.

ನಾಲ್ಕಾರು ಗಿಡವಷ್ಟೇ ಇದ್ದು ಬೇರೆ ಆಳು ಕರೆಯಲು ಆಗದವರು ಬಾಟಲಿಯನ್ನೇ ಹೊಡೆಯಲಿ. ಡ್ರಿಪ್ಪಿಗೆ ತಂದ ನೈಟ್ರೇಟ್ ಚೀಲ ಮನೆಯಲ್ಲಿದ್ದರೆ ಮೊದಲ ಸಲಕ್ಕೆ ಅದನ್ನೇ ಬಳಸಿ, ಮುಂದಿನದಕ್ಕೆ ಕ್ಲೋರೈಡ್ ತನ್ನಿ. ಕೊನೆಯದು ಕೊಯ್ಲಿಗೆ ಎರಡು ಮೂರು ವಾರ ಇರುವಾಗಲೇ ಮುಗಿಯಲಿ.